ಟಿವಿ ಕಾಮಿಡಿ ಶೋಗಳ ಟೈಟಲ್ ಸಾಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಮಿಡಿ ಶೋಗಳ ಟೈಟಲ್ ಸಾಂಗ್ ಬಗ್ಗೆ ಮಾತು ಶುರುವಾದರೆ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಈ ಹಾಡು ಬರೆದವರು ಯಾರು, ಹಾಡಿದ್ದು ನಟರೇನಾ, ಈಗ ಯಾಕೆ ಇಷ್ಟು ಚಿಕ್ಕದಾಗಿದೆ, ಹೀಗೆ. ಅಂಥವನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಇಲ್ಲಿರುವುದು ಅಮೆರಿಕ ಮತ್ತು ಬ್ರಿಟನ್ನಿನ ಶೋಗಳು. ನಾನು ವರ್ಷಗಟ್ಟಲೆ ಕಿವಿಗೊಟ್ಟು ಕೇಳಿರುವುದು ಅವನ್ನೇ.

ಟೈಟಲ್ ಸಾಂಗ್ ನಿಜಕ್ಕೂ ಬೇಕಾ? ನೇರವಾಗಿ ಕಥೆ ಶುರು ಮಾಡಿದರೆ ಆಗಲ್ವಾ?

ಆಗುತ್ತದೆ. ಎಷ್ಟೋ ಶೋಗಳು ಈಗ ಹಾಗೇ ಮಾಡುತ್ತವೆ. ಆದರೆ ಬೇಕಾದಾಗ ಬೇಕಾದ್ದನ್ನು ನೋಡುವ ಅನುಕೂಲ ಇಲ್ಲದ ಕಾಲವನ್ನು ಒಮ್ಮೆ ನೆನಪಿಸಿಕೊಳ್ಳಿ. ಶೋ ವಾರಕ್ಕೊಮ್ಮೆ, ಗೊತ್ತಾದ ಹೊತ್ತಿಗೆ ಬರುತ್ತಿತ್ತು. ತಪ್ಪಿದರೆ ತಪ್ಪಿತು. ಹಾಗಾಗಿ ಹಾಡಿನ ಮೊದಲ ಕೆಲಸ ಕರೆಯುವುದು. ಅಡುಗೆಮನೆಯಲ್ಲಿ ಇದ್ದವರು, ಒಳಕೋಣೆಯಲ್ಲಿ ಓದುತ್ತಾ ಕೂತವರು, ಎಲ್ಲರೂ ಆ ಟ್ಯೂನ್ ಕಿವಿಗೆ ಬಿದ್ದ ಕೂಡಲೇ ಟಿವಿ ಮುಂದೆ ಬರಬೇಕು.

ಎರಡನೆಯ ಕೆಲಸ ನನಗೆ ಇನ್ನೂ ದೊಡ್ಡದು ಅನಿಸುತ್ತದೆ. ನಗಬೇಕಾದರೆ ಮೊದಲು ಮನಸ್ಸು ಸಡಿಲವಾಗಬೇಕು. ದಿನವಿಡೀ ದುಡಿದು ಬಂದವರು ಕೂತ ತಕ್ಷಣ ನಗುವುದಿಲ್ಲ. ಮುಂದಿನ ಅರ್ಧ ಗಂಟೆ ಎಂಥವರ ಜೊತೆ ಕಳೆಯುತ್ತೀರಿ, ಅವರ ಮನೆಯ ಗಾಳಿ ಹೇಗಿದೆ, ಇಲ್ಲಿ ನಗು ಮೆಲ್ಲಗೋ ಜೋರಾಗಿಯೋ ಅಂತ ಹಾಡು ಮೊದಲೇ ತಿಳಿಸುತ್ತದೆ. ಅದಕ್ಕೇ ನಾನು ಟೈಟಲ್ ಸಾಂಗನ್ನು ಶೋನ ಮೊದಲ ದೃಶ್ಯ ಅಂತಲೇ ಎಣಿಸುತ್ತೇನೆ.

ಕಥೆಯನ್ನೆಲ್ಲ ಹಾಡಿನಲ್ಲೇ ಹೇಳಿಬಿಡುತ್ತಾರಲ್ಲ, ಅದು ಯಾಕೆ?

ಅದಕ್ಕೆ ಒಳ್ಳೆಯ ಉದಾಹರಣೆ 1964ರ ‘ಗಿಲಿಗನ್ಸ್ ಐಲ್ಯಾಂಡ್’. ಏಳು ಜನ ಮೂರು ಗಂಟೆಯ ದೋಣಿ ವಿಹಾರಕ್ಕೆ ಹೊರಡುತ್ತಾರೆ, ಬಿರುಗಾಳಿಗೆ ಸಿಕ್ಕಿ ನಡುಗಡ್ಡೆ ಸೇರುತ್ತಾರೆ. ಶೋ ಪೂರ್ತಿ ನಡೆಯುವುದು ಅಲ್ಲೇ. ವಾಹಿನಿಯವರಿಗೆ ಒಂದು ಚಿಂತೆ ಕಾಡಿತು. ಹತ್ತನೆಯ ವಾರ ಹೊಸದಾಗಿ ನೋಡುವವರಿಗೆ ಈ ಜನ ಇಲ್ಲಿಗೆ ಹೇಗೆ ಬಂದರು ಅಂತ ತಿಳಿಯುವುದು ಹೇಗೆ? ಪ್ರತಿ ಸಲ ವಿವರಿಸುತ್ತಾ ಕೂತರೆ ನಗುವಿಗೆ ಸಮಯ ಎಲ್ಲಿ? ಶೋ ಹುಟ್ಟುಹಾಕಿದ ಶೆರ್ವುಡ್ ಶ್ವಾರ್ಟ್ಸ್ ಅದಕ್ಕೆ ಹಾಡಿನಲ್ಲೇ ದಾರಿ ಹುಡುಕಿದರು. ಜಾರ್ಜ್ ವೈಲ್ ಜೊತೆ ಸೇರಿ ಒಂದು ಲಾವಣಿ ಕಟ್ಟಿದರು. ಒಂದು ನಿಮಿಷದಲ್ಲಿ ದೋಣಿ, ಬಿರುಗಾಳಿ, ಜನ, ಎಲ್ಲ ಮುಗಿಯಿತು. ಹೊಸಬರಿಗೂ ಅರ್ಥವಾಯಿತು, ಹಳಬರಿಗೆ ಹಾಡುವ ಖುಷಿ ಸಿಕ್ಕಿತು.

ಆ ಹಾಡಿನಲ್ಲಿ ಒಂದು ಸಣ್ಣ ತಿದ್ದುಪಡಿ ಆಮೇಲೆ ಬಂತು. ಮೊದಲ ಸೀಸನ್‌ನಲ್ಲಿ ಐದು ಪಾತ್ರಗಳನ್ನು ಹೇಳಿ, ಪ್ರೊಫೆಸರ್ ಮತ್ತು ಮೇರಿ ಆ್ಯನ್ ಇಬ್ಬರನ್ನು ‘ಮತ್ತುಳಿದವರು’ ಅಂತ ಒಟ್ಟಿಗೆ ಸೇರಿಸಿಬಿಟ್ಟಿದ್ದರು. ಎರಡನೆಯ ಸೀಸನ್‌ನಿಂದ ಅವರಿಬ್ಬರ ಹೆಸರೂ ಹಾಡಿಗೆ ಬಂತು. ಗಿಲಿಗನ್ ಪಾತ್ರದ ಬಾಬ್ ಡೆನ್ವರ್ ಇದಕ್ಕಾಗಿ ಒತ್ತಾಯ ಮಾಡಿದ್ದರಂತೆ. ತನ್ನ ಹೆಸರು ಹೇಗೂ ಹಾಡಿನಲ್ಲಿದೆ ಅಂತ ಅವರು ಸುಮ್ಮನಿರಬಹುದಿತ್ತು. ಇರಲಿಲ್ಲ. ಆ ಸಾಲು ಬಂದಾಗೆಲ್ಲ ನನಗೆ ಅದೇ ನೆನಪಾಗುತ್ತದೆ.

ಇದಕ್ಕೂ ಎರಡು ವರ್ಷ ಮುಂಚೆ, 1962ರಲ್ಲಿ, ‘ದಿ ಬೆವರ್ಲಿ ಹಿಲ್‌ಬಿಲೀಸ್’ ಇದೇ ದಾರಿ ಹಿಡಿದಿತ್ತು. ಬಡ ಬೇಟೆಗಾರನ ನೆಲದಲ್ಲಿ ಎಣ್ಣೆ ಸಿಗುತ್ತದೆ, ಅವನು ಸಂಸಾರ ಸಮೇತ ಶ್ರೀಮಂತರ ಬಡಾವಣೆಗೆ ಹೋಗುತ್ತಾನೆ. ಬರೆದವರು ಶೋ ಸೃಷ್ಟಿಸಿದ ಪಾಲ್ ಹೆನಿಂಗ್. ಟಿವಿಯಲ್ಲಿ ಕೇಳುವ ದನಿ ಜೆರ್ರಿ ಸ್ಕಾಗಿನ್ಸ್ ಅವರದು, ಬ್ಯಾಂಜೋ ನುಡಿಸಿದ್ದು ಅರ್ಲ್ ಸ್ಕ್ರಗ್ಸ್. ಫ್ಲಾಟ್ ಮತ್ತು ಸ್ಕ್ರಗ್ಸ್ ಜೋಡಿಯ ರೆಕಾರ್ಡ್ 1963ರ ಶುರುವಿನಲ್ಲಿ ಅಮೆರಿಕದ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು.

1990ರ ‘ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್ ಏರ್’ ಅದೇ ಹಳೆಯ ಲಾವಣಿಯನ್ನು ರ‍್ಯಾಪ್‌ನಲ್ಲಿ ಹೇಳಿತು. ಹುಡುಗನೊಬ್ಬ ಬೀದಿಯಲ್ಲಿ ಜಗಳಕ್ಕೆ ಸಿಕ್ಕಿಕೊಳ್ಳುತ್ತಾನೆ, ಅಮ್ಮ ಹೆದರಿ ಅವನನ್ನು ನೆಂಟರ ಮನೆಗೆ ಕಳಿಸುತ್ತಾಳೆ. ಹಾಡಿದ್ದು ವಿಲ್ ಸ್ಮಿತ್. ಆರಂಭದ ಕಂತುಗಳಲ್ಲಿ ಹಾಡು ಉದ್ದ ಇತ್ತು, ವಿಮಾನ ಪ್ರಯಾಣದ ಚರಣವೂ ಇತ್ತು. ಆಮೇಲೆ ಅದನ್ನು ಕತ್ತರಿಸಿದರು.

ನಟರೇ ಹಾಡಿದ ಟೈಟಲ್ ಸಾಂಗ್‌ಗಳು ಯಾವುವು?

ನನ್ನ ಪ್ರಕಾರ ಇದರಲ್ಲಿ ಎಲ್ಲಕ್ಕಿಂತ ಮೇಲಿರುವುದು 1971ರ ‘ಆಲ್ ಇನ್ ದ ಫ್ಯಾಮಿಲಿ’. ಗಂಡ ಹೆಂಡತಿ ಪಿಯಾನೊ ಮುಂದೆ ಕೂತಿದ್ದಾರೆ. ಹಳೆಯ ದಿನಗಳೇ ಚೆನ್ನಾಗಿದ್ದವು ಅಂತ ಹಾಡುತ್ತಾರೆ. ಕ್ಯಾರಲ್ ಓಕಾನರ್ ದನಿ ಗಡುಸು. ಜೀನ್ ಸ್ಟೇಪಲ್‌ಟನ್ ಬೇಕಂತಲೇ ಕೀರಲು ದನಿಯಲ್ಲಿ ಎಳೆಯುತ್ತಾರೆ. ಸಂಗೀತ ಚಾರ್ಲ್ಸ್ ಸ್ಟ್ರೌಸ್, ಸಾಹಿತ್ಯ ಲೀ ಆ್ಯಡಮ್ಸ್. ದುಡ್ಡು ಕಮ್ಮಿ ಇದ್ದದ್ದರಿಂದ ದೊಡ್ಡ ವಾದ್ಯವೃಂದ ಇಟ್ಟುಕೊಳ್ಳುವ ಹಾಗಿರಲಿಲ್ಲ. ಒಂದು ಪಿಯಾನೊ, ಇಬ್ಬರು ನಟರು, ಅಷ್ಟೇ. ಆದರೆ ಆ ಇಬ್ಬರು ಪಕ್ಕಪಕ್ಕ ಕೂತಿರುವ ರೀತಿಯಲ್ಲೇ ಇಡೀ ದಾಂಪತ್ಯ ಕಾಣುತ್ತದೆ. ಕೊನೆಯ ಭಾಗದಲ್ಲಿ ಲಸಾಲ್ ಎಂಬ ಹಳೆಯ ಕಾರಿನ ಹೆಸರು ಬರುತ್ತದೆ. ಅದು ಏನು ಅಂತ ಕೇಳಿ ಪ್ರೇಕ್ಷಕರು ಕಾಗದ ಬರೆಯತೊಡಗಿದರು. ಆಮೇಲೆ ಆ ಸಾಲನ್ನು ಒತ್ತಿ, ಬಿಡಿಸಿ ಹೇಳುವ ಹಾಗೆ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು.

‘ಫ್ರೇಸಿಯರ್’ (1993) ಶೋನ ಹಾಡನ್ನು ನಾಯಕ ನಟ ಕೆಲ್ಸಿ ಗ್ರಾಮರ್ ಹಾಡಿದ್ದಾರೆ. ಅದು ಬರುವುದು ಕಂತಿನ ಕೊನೆಯಲ್ಲಿ. ಸಲಾಡ್, ಕದಡಿದ ಮೊಟ್ಟೆ ಅಂತೆಲ್ಲ ಸಾಹಿತ್ಯ ಇರುವುದರಿಂದ ತುಂಬಾ ಜನ ಇದಕ್ಕೂ ಶೋಗೂ ಏನು ಸಂಬಂಧ ಅಂತ ಕೇಳುತ್ತಾರೆ. ಕಥೆ ಮನೋವೈದ್ಯನದು. ರೇಡಿಯೋದಲ್ಲಿ ಜನರ ಸಮಸ್ಯೆ ಕೇಳುತ್ತಾನೆ. ಸಂಗೀತ ಮಾಡಿದ ಬ್ರೂಸ್ ಮಿಲ್ಲರ್‌ಗೆ ಮನೋವೈದ್ಯ ಎಂಬ ಮಾತನ್ನು ನೇರವಾಗಿ ತರಬೇಡಿ ಅಂತ ಹೇಳಿದ್ದರು. ಸಾಹಿತ್ಯ ಬರೆದ ಡ್ಯಾರಿಲ್ ಫಿನೆಸಿ ಆಗ ಕಲಸಿದ, ಕದಡಿದ ತಿನಿಸುಗಳನ್ನು ಆರಿಸಿಕೊಂಡರು. ಫೋನ್ ಮಾಡುವವರ ಮನಸ್ಸೂ ಹಾಗೇ ಕದಡಿರುತ್ತದೆ ಅಲ್ವಾ? ಒಗಟು ಬಿಡಿಸಿದ ಮೇಲೆ ಹಾಡು ಇನ್ನೂ ಇಷ್ಟವಾಗುತ್ತದೆ.

‘ದಿ ಬ್ರೇಡಿ ಬಂಚ್’ (1969) ಹಾಡನ್ನು ಮೊದಲ ಸೀಸನ್‌ನಲ್ಲಿ ಬೇರೆ ತಂಡ ಹಾಡಿತ್ತು, ಎರಡನೆಯದರಿಂದ ಶೋನ ಆರು ಮಕ್ಕಳೇ ಹಾಡಿದರು. 1960ರ ‘ದಿ ಆ್ಯಂಡಿ ಗ್ರಿಫಿತ್ ಶೋ’ದಲ್ಲಿ ಅಪ್ಪ ಮಗ ಮೀನು ಹಿಡಿಯಲು ಹೋಗುವಾಗ ಕೇಳುವ ಶಿಳ್ಳೆ ಮಾತ್ರ ನಟರದಲ್ಲ. ಅದನ್ನು ಹಾಕಿದ್ದು ಟ್ಯೂನ್ ಕಟ್ಟಿದವರಲ್ಲಿ ಒಬ್ಬರಾದ ಅರ್ಲ್ ಹೇಗನ್.

‘ಚಿಯರ್ಸ್’ ಹಾಡನ್ನು ಎಲ್ಲರೂ ಯಾಕೆ ಅಷ್ಟು ಹೊಗಳುತ್ತಾರೆ?

ಹೊಗಳಬೇಕಾದ್ದೇ. 1982ರಿಂದ 1993ರವರೆಗೆ ನಡೆದ ಶೋ ಅದು. ಬಾಸ್ಟನ್ನಿನ ಒಂದು ಬಾರ್, ಅಲ್ಲಿಗೆ ದಿನಾ ಬರುವ ಅದೇ ಜನ. ಎಲ್ಲರಿಗೂ ನಿಮ್ಮ ಹೆಸರು ಗೊತ್ತಿರುವ ಜಾಗಕ್ಕೆ ಹೋಗಬೇಕು ಅನಿಸುವುದಿಲ್ಲವೇ ಅಂತ ಹಾಡು ಕೇಳುತ್ತದೆ. ಈ ಆಸೆ ಯಾರಿಗಿಲ್ಲ?

ಬರೆದವರು ಗ್ಯಾರಿ ಪೋರ್ಟ್‌ನಾಯ್ ಮತ್ತು ಜೂಡಿ ಹಾರ್ಟ್ ಆ್ಯಂಜೆಲೊ. ಇಬ್ಬರೂ ಸೇರಿ ಒಂದು ಸಂಗೀತ ನಾಟಕಕ್ಕೆ ಹಾಡು ಬರೆಯುತ್ತಿದ್ದರು. ಅದರಲ್ಲಿ ಒಂದು ಹಾಡು ಚಿಯರ್ಸ್ ನಿರ್ಮಾಪಕರಿಗೆ ಹಿಡಿಸಿತು. ಆದರೆ ಅದು ನಾಟಕದ ಸ್ವತ್ತು, ಕೊಡುವ ಹಾಗಿರಲಿಲ್ಲ. ಮತ್ತೆ ಬರೆದರು, ಒಪ್ಪಿಗೆಯಾಗಲಿಲ್ಲ. ಮತ್ತೊಂದು ಬರೆದರು, ಅದೂ ಬೇಡವಾಯಿತು. ಹೀಗೆ ಒಂದಾದ ಮೇಲೊಂದು ಹಾಡು ವಾಪಸ್ ಬಂದ ಮೇಲೆ ಹುಟ್ಟಿದ್ದು ಇದು. ಆಗಲೂ ಒಂದು ತಿದ್ದುಪಡಿ ಬೇಕಾಯಿತು. ಮೊದಲು ಬರೆದಿದ್ದ ಚರಣದಲ್ಲಿ ಬಾಸ್ಟನ್ನಿನ ಬೇಸ್‌ಬಾಲ್ ತಂಡ ಸೋತ ದುಃಖದ ಸಾಲಿತ್ತು. ಯಾವ ಊರಿನವರಿಗಾದರೂ ಒಪ್ಪುವ ಹಾಗಿರಲಿ ಅಂತ ನಿರ್ಮಾಪಕರು ಕೇಳಿದರು. ಆಗ ಬಂದದ್ದು ಬದುಕು ನಡೆಸುವುದೇ ಇವತ್ತು ಎಷ್ಟು ಕಷ್ಟ ಅನ್ನುವ ಈಗಿನ ಆರಂಭ.

ನೋಡಿ, ಕಾಮಿಡಿ ಶೋನ ಹಾಡು ಶುರುವಾಗುವುದೇ ದಣಿವಿನ ಮಾತಿನಿಂದ! ಬರೀ ಪಿಯಾನೊ, ಒಬ್ಬರ ದನಿ, ಅದೂ ಮೆಲ್ಲಗೆ. ಪಲ್ಲವಿ ಬರುವಾಗ ದನಿಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಒಂಟಿಯಾಗಿ ಬಾಗಿಲು ತೆಗೆದು ಒಳಗೆ ಬಂದವನನ್ನು ಗುಂಪು ಸೇರಿಸಿಕೊಂಡ ಹಾಗೆ. ವಿಶೇಷ ಏನೆಂದರೆ ಆ ಗುಂಪಿನ ದನಿಗಳೂ ಪೋರ್ಟ್‌ನಾಯ್ ಅವರವೇ. ತಮ್ಮ ದನಿಯ ಮೇಲೆ ತಮ್ಮದೇ ದನಿಯನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿದರು. ಪರದೆಯ ಮೇಲೆ ನಟರ ಮುಖ ಕಾಣುವುದಿಲ್ಲ. ಹಳೆಯ ಕಾಲದ ಬಾರ್‌ಗಳ ಚಿತ್ರಗಳು, ಯಾರೋ ಗುರುತಿಲ್ಲದ ಜನ ಕಾಣುತ್ತಾರೆ. ಈ ಹಾಡು ಯಾರೊಬ್ಬರದೂ ಅಲ್ಲ, ಎಲ್ಲರದು ಅನಿಸುವುದು ಅದರಿಂದಲೂ ಇರಬಹುದು.

‘ಫ್ರೆಂಡ್ಸ್’ ಹಾಡಿನ ಚಪ್ಪಾಳೆ ಎಷ್ಟು ಸಲ? ಪೂರ್ತಿ ಹಾಡು ಮೊದಲೇ ಇತ್ತಾ?

ಚಪ್ಪಾಳೆ ನಾಲ್ಕು. ಐದು ಅಂತ ತಟ್ಟುವವರು ಜಾಸ್ತಿ, ಒಮ್ಮೆ ಎಣಿಸಿ ನೋಡಿ.

ಪೂರ್ತಿ ಹಾಡು ಮೊದಲು ಇರಲಿಲ್ಲ. 1994ರಲ್ಲಿ ಶೋ ಶುರುವಾದಾಗ ಇದ್ದದ್ದು ಒಂದು ನಿಮಿಷಕ್ಕಿಂತ ಕಮ್ಮಿಯ ತುಣುಕು. ಸಂಗೀತ ಮೈಕಲ್ ಸ್ಕ್ಲಾಫ್, ಸಾಹಿತ್ಯದಲ್ಲಿ ಆ್ಯಲಿ ವಿಲಿಸ್ ಕೈ ಇದೆ, ಹಾಡಿದ್ದು ದಿ ರೆಂಬ್ರಾಂಟ್ಸ್ ಎಂಬ ಜೋಡಿ. ನ್ಯಾಶ್‌ವಿಲ್‌ನ ಒಂದು ರೇಡಿಯೋ ಕೇಂದ್ರ ಆ ತುಣುಕನ್ನೇ ಮತ್ತೆ ಮತ್ತೆ ಜೋಡಿಸಿ, ಉದ್ದ ಮಾಡಿ ಪ್ರಸಾರ ಮಾಡಿತು. ಕೇಳುಗರು ಮುಗಿಬಿದ್ದರು. ಕೊನೆಗೆ ತಂಡದವರು ಹೊಸ ಚರಣ ಬರೆದು ಪೂರ್ತಿ ಹಾಡು ಮಾಡಬೇಕಾಯಿತು. 1995ರಲ್ಲಿ ಅದು ಅಮೆರಿಕದ ರೇಡಿಯೋ ಪಟ್ಟಿಯಲ್ಲಿ ಮೊದಲನೆಯದಾಯಿತು.

ಹಾಡನ್ನು ನಾವು ಪಲ್ಲವಿಗಿಂತ ಚಪ್ಪಾಳೆಯಿಂದ ಜಾಸ್ತಿ ನೆನಪಿಟ್ಟುಕೊಂಡಿದ್ದೇವೆ. ದನಿ ಸರಿಯಿಲ್ಲದವರೂ, ಇಂಗ್ಲಿಷ್ ಬಾರದವರೂ ಸೇರಿಕೊಳ್ಳಬಹುದು. 1964ರ ‘ದಿ ಆ್ಯಡಮ್ಸ್ ಫ್ಯಾಮಿಲಿ’ಯಲ್ಲಿ ವಿಕ್ ಮಿಜ್ಜಿ ಎರಡು ಚಿಟಿಕೆಯಿಂದ ಮಾಡಿದ್ದೂ ಇದನ್ನೇ. ಕೇಳುವವರ ಕೈಗೆ ಒಂದು ಕೆಲಸ ಕೊಟ್ಟರು.

‘ಸೈನ್‌ಫೆಲ್ಡ್’ನಲ್ಲಿ ಕೇಳುವುದು ಬೇಸ್ ಗಿಟಾರಾ?

ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಅದು ಕೀಬೋರ್ಡಿನಲ್ಲಿ ನುಡಿಸಿದ ಬೇಸ್ ಸದ್ದು. ಅದರ ಜೊತೆಗೆ ತುಟಿ ಚಟ್ಟೆನ್ನಿಸುವುದು, ನಾಲಿಗೆ ಲೊಚಗುಟ್ಟುವುದು, ಹೀಗೆ ಬಾಯಲ್ಲೇ ಮಾಡಿದ ಸದ್ದುಗಳು ಸೇರಿವೆ. ಮಾಡಿದವರು ಜೊನಾಥನ್ ವುಲ್ಫ್.

ಇದರ ಹಿಂದಿನ ಯೋಚನೆ ತುಂಬಾ ಚೆನ್ನಾಗಿದೆ. ಶೋ ಶುರುವಾಗುವಾಗ ಜೆರ್ರಿ ಸೈನ್‌ಫೆಲ್ಡ್ ವೇದಿಕೆಯ ಮೇಲೆ ನಿಂತು ಜೋಕ್ ಹೇಳುತ್ತಿರುತ್ತಾರೆ. ಹಿಂದೆ ಟೈಟಲ್ ಸಂಗೀತ ಕೇಳಬೇಕು. ಮಾಮೂಲಿ ಟ್ಯೂನ್ ಹಾಕಿದರೆ ಅದು ಮಾತಿನ ಮೇಲೆ ಬೀಳುತ್ತದೆ, ಜೋಕ್ ಕೇಳಿಸುವುದಿಲ್ಲ. ವುಲ್ಫ್ ಅದಕ್ಕೆ ಜೆರ್ರಿಯ ಮಾತನ್ನೇ ಮುಖ್ಯ ರಾಗ ಅಂದುಕೊಂಡರು. ಅವರ ಮಾತಿನ ಲಯ ಗಮನಿಸಿ ಅದಕ್ಕೆ ತಾಳ ಹೊಂದಿಸಿದರು. ಬೇಸ್‌ನ ತಗ್ಗು ಸ್ವರಗಳು ಮಾತಿಗೆ ಅಡ್ಡ ಬರುವುದಿಲ್ಲ. ಜೋಕ್‌ನ ನಡುವೆ ನಿಲುಗಡೆ ಬಂದಾಗ ಬೇಸ್ ಒಂದು ಸಣ್ಣ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಪ್ರತಿ ವಾರ ಜೋಕ್ ಬೇರೆ, ಅದರ ಉದ್ದವೂ ಬೇರೆ. ಹಾಗಾಗಿ ಸಂಗೀತವನ್ನೂ ಪ್ರತಿ ಕಂತಿಗೆ ಬೇರೆ ಬೇರೆಯಾಗಿ ಜೋಡಿಸುತ್ತಿದ್ದರು. ಎರಡು ಮೂರು ಕಂತುಗಳನ್ನು ಒಂದರ ಹಿಂದೆ ಒಂದು ಕೇಳಿ, ವ್ಯತ್ಯಾಸ ಗೊತ್ತಾಗುತ್ತದೆ. ಕಛೇರಿಯಲ್ಲಿ ಒಳ್ಳೆಯ ಮೃದಂಗದವರು ಹಾಡುವವರ ದನಿಯನ್ನು ಹಿಂಬಾಲಿಸುತ್ತಾರಲ್ಲ, ಅದೇ ಕೆಲಸ ಇದು.

‘ದಿ ಸಿಂಪ್ಸನ್ಸ್’ ಟ್ಯೂನ್ ಯಾವ ರಾಗದ ಹತ್ತಿರ ಬರುತ್ತದೆ?

ಈ ಪ್ರಶ್ನೆ ಕೇಳಿದರೆ ನನಗೆ ಬಹಳ ಖುಷಿ. ಉತ್ತರ ವಾಚಸ್ಪತಿ. ಪಾಶ್ಚಾತ್ಯ ಸಂಗೀತದವರು ಆ ಸ್ವರಗಳ ಜೋಡಣೆಯನ್ನು ಲಿಡಿಯನ್ ಡಾಮಿನೆಂಟ್ ಅನ್ನುತ್ತಾರೆ. ಕರ್ನಾಟಕ ಸಂಗೀತದಲ್ಲಿ ಅದೇ ಸ್ವರಗಳು 64ನೆಯ ಮೇಳಕರ್ತ, ಅಂದರೆ ಮೂಲ ರಾಗವಾದ ವಾಚಸ್ಪತಿಯಲ್ಲಿವೆ. ಕಲ್ಯಾಣಿ ರಾಗದ ಹಾಗೆ ಪ್ರತಿಮಧ್ಯಮ (ಎತ್ತರದ ಮ) ಇದೆ, ಆದರೆ ನಿಷಾದ ಕೈಶಿಕಿ (ತಗ್ಗಿನ ನಿ). ಮುಖ್ಯ ಸಾಲನ್ನು ಹೀಗೆ ಹೇಳಿಕೊಳ್ಳಬಹುದು: ಸ ಗ ಮ ದ ಪ, ಗ ಸ, ಆಮೇಲೆ ಕೆಳಗಿನ ದ, ಮ ಮ ಮ ಪ. ಸ್ವರಗಳಷ್ಟೇ ಒಂದು, ಗಮಕವಿಲ್ಲ, ರಾಗದ ಭಾವವೂ ಬೇರೆ. ಆದರೂ ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ, ಪಕ್ಕದ ಕೋಣೆಯವರು ಬಂದು ಇಣುಕುತ್ತಾರೆ.

1989ರ ಈ ಟ್ಯೂನ್ ಡ್ಯಾನಿ ಎಲ್ಫ್‌ಮನ್ ಅವರದು. ಮೊದಲ ಎರಡು ಸ್ವರ ಕೇಳಿದಾಗ ನೆಲ ಗಟ್ಟಿ ಇದೆ ಅನಿಸುತ್ತದೆ. ಪ್ರತಿಮಧ್ಯಮ ಬಂದ ಕೂಡಲೇ ಕಾಲು ಸ್ವಲ್ಪ ಜಾರುತ್ತದೆ. ಶುದ್ಧ ಮಧ್ಯಮ (ತಗ್ಗಿನ ಮ) ಹಾಕಿ ನುಡಿಸಿದರೆ ಅದೇ ಟ್ಯೂನ್ ಸಪ್ಪೆ. ಆ ಒಂದು ಸ್ವರದಲ್ಲೇ ಆ ಸಂಸಾರದ ಗಡಿಬಿಡಿಯೆಲ್ಲ ಇದೆ.

ಮಾತಿಲ್ಲದ ‘ಮ್ಯಾಶ್’ ಟ್ಯೂನ್‌ಗೆ ಸಾಹಿತ್ಯ ಇದೆ ಅಂತಾರೆ, ನಿಜವಾ?

ನಿಜ. ಅದು ಮೂಲತಃ 1970ರ ಸಿನಿಮಾದ ಹಾಡು. ಟ್ಯೂನ್ ಜಾನಿ ಮ್ಯಾಂಡಲ್ ಅವರದು. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್‌ಗೆ ಬೇಕಂತಲೇ ಪೆದ್ದುಪೆದ್ದಾದ ಸಾಹಿತ್ಯ ಬೇಕಿತ್ತು. ತಾವೇ ಬರೆಯಲು ಹೋದರು, ಆಗಲಿಲ್ಲ. 14 ವರ್ಷದ ಮಗ ಮೈಕ್‌ಗೆ ಹೇಳಿದರು. ಹುಡುಗ ಸ್ವಲ್ಪ ಹೊತ್ತಿನಲ್ಲೇ ಬರೆದು ಕೊಟ್ಟ. ವಿಷಯ ಸಾವಿನದ್ದು, ಆತ್ಮಹತ್ಯೆಯದ್ದು. 1972ರಲ್ಲಿ ಟಿವಿ ಶೋ ಬಂದಾಗ ಸಾಹಿತ್ಯ ಬಿಟ್ಟು ವಾದ್ಯ ಸಂಗೀತ ಮಾತ್ರ ಇಟ್ಟುಕೊಂಡರು. ಆದರೂ ಹಾಡು ಬರೆದವರಿಗೆ ರಾಯಲ್ಟಿ ಬರುತ್ತಲೇ ಇತ್ತು. ಸಿನಿಮಾ ನಿರ್ದೇಶನಕ್ಕೆ ತನಗೆ ಸಿಕ್ಕಿದ್ದು 70,000 ಡಾಲರ್, ಮಗನಿಗೆ ಹಾಡಿನಿಂದ ಬಂದದ್ದು 10 ಲಕ್ಷ ಡಾಲರ್‌ಗಿಂತ ಜಾಸ್ತಿ ಅಂತ ಆಲ್ಟ್‌ಮನ್ ಹೇಳಿದ್ದರು.

ಯುದ್ಧಭೂಮಿಯ ಆಸ್ಪತ್ರೆಯ ಕಥೆ ಅದು. ಹೆಲಿಕಾಪ್ಟರ್‌ಗಳು ಗಾಯಾಳುಗಳನ್ನು ಹೊತ್ತು ಬರುತ್ತವೆ, ವೈದ್ಯರು, ದಾದಿಯರು ಓಡುತ್ತಾರೆ, ಹಿಂದೆ ಆ ಟ್ಯೂನ್. ನಗು ಬರುವುದು ಆಮೇಲೆ. ಸಾಹಿತ್ಯ ಗೊತ್ತಿಲ್ಲದವರಿಗೂ ಅದರ ಭಾರ ತಟ್ಟುತ್ತದೆ.

ಬ್ರಿಟಿಷ್ ಶೋಗಳಲ್ಲಿ ಕೇಳಲೇಬೇಕಾದದ್ದು?

‘ಮಿಸ್ಟರ್ ಬೀನ್’ನಿಂದ ಶುರು ಮಾಡಿ. ಚರ್ಚ್‌ನಲ್ಲಿ ಕೇಳುವಂಥ ಗಂಭೀರ ವೃಂದಗಾನ, ಆಕಾಶದಿಂದ ಬೀಳುವ ಬೆಳಕು, ಅದರೊಳಗೆ ಧೊಪ್ಪನೆ ಬೀಳುವ ಬೀನ್. ಸಾಹಿತ್ಯ ಲ್ಯಾಟಿನ್. ಅರ್ಥ ಇಷ್ಟೇ: ‘ಇಗೋ ನೋಡಿ, ಬೀನ್ ಆಗಿರುವ ಮನುಷ್ಯ’. ಹೋವರ್ಡ್ ಗುಡಾಲ್ ಇದನ್ನು ಸದರ್ಕ್ ಕೆಥೆಡ್ರಲ್‌ನ ವೃಂದದಿಂದ ಹಾಡಿಸಿದರು. ಅವರು ಯಾರೂ ನಗುತ್ತಾ ಹಾಡಿಲ್ಲ, ಪೂರ್ತಿ ಭಕ್ತಿಯಿಂದ ಹಾಡಿದ್ದಾರೆ. ಅದಕ್ಕೇ ನಮಗೆ ನಗು ಬರುತ್ತದೆ. ಕಂತಿನ ಕೊನೆಗೆ ಅದೇ ವೃಂದ ಬೀನ್ ಮನುಷ್ಯನಿಗೆ ವಿದಾಯ ಹೇಳುತ್ತದೆ.

‘ಸಮ್ ಮದರ್ಸ್ ಡೂ ಆವ್ ಎಮ್’ ಟ್ಯೂನ್‌ನಲ್ಲಿ ಒಂದು ಗುಟ್ಟಿದೆ. ಪಿಕೊಲೊ ಎಂಬ ಪುಟ್ಟ ಕೊಳಲಿನ ಗಿಡ್ಡ, ಉದ್ದ ಸ್ವರಗಳಲ್ಲಿ ಶೋನ ಹೆಸರನ್ನೇ ಮೋರ್ಸ್ ಸಂಕೇತದಲ್ಲಿ ಬರೆದಿದ್ದಾರೆ. ಮಾಡಿದವರು ರಾನಿ ಹೇಜಲ್‌ಹರ್ಸ್ಟ್.

1968ರ ‘ಡ್ಯಾಡ್ಸ್ ಆರ್ಮಿ’ ಹಾಡು ಎರಡನೆಯ ಮಹಾಯುದ್ಧದ ಕಾಲದ್ದೇ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಜಿಮ್ಮಿ ಪೆರ್ರಿ ಸಾಹಿತ್ಯ ಬರೆದು, ಡೆರೆಕ್ ಟ್ಯಾವರ್ನರ್ ಜೊತೆ ಸೇರಿ ಆ ಕಾಲದ ಧಾಟಿಯಲ್ಲಿ ಹೊಸದಾಗಿ ಕಟ್ಟಿದ್ದು. ಹಾಡಲು ಆ ಕಾಲದ ಹೆಸರಾಂತ ಕಲಾವಿದ ಬಡ್ ಫ್ಲಾನಗನ್ ಅವರನ್ನೇ ಕರೆದರು. ಶೋ ಶುರುವಾದ ಕೆಲವೇ ತಿಂಗಳಲ್ಲಿ, ಅದೇ ವರ್ಷ, ಅವರು ತೀರಿಕೊಂಡರು. ಆ ದನಿ ಕೇಳುವಾಗ ಇದು ಗೊತ್ತಿದ್ದರೆ ಎದೆ ಒಂದು ಕ್ಷಣ ಹಿಡಿಯುತ್ತದೆ.

‘ಓನ್ಲಿ ಫೂಲ್ಸ್ ಆ್ಯಂಡ್ ಹಾರ್ಸಸ್’ ಹಾಡನ್ನು ಹಾಡಿದ್ದು ಶೋ ಬರೆದ ಜಾನ್ ಸಲಿವನ್ ಅವರೇ.

ಶೋಗಾಗಿ ಮಾಡದ, ಬೇರೆ ಕಡೆಯಿಂದ ತಂದ ಟ್ಯೂನ್‌ಗಳೂ ಇವೆಯಾ?

ಬೇಕಾದಷ್ಟಿವೆ. ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ (1969) ಬಳಸಿದ್ದು ಜಾನ್ ಫಿಲಿಪ್ ಸೂಸ ಅವರ 1893ರ ಬ್ಯಾಂಡ್ ಸಂಗೀತ. ಶಿಸ್ತಿನ ಮೆರವಣಿಗೆಯ ಟ್ಯೂನ್, ಕೊನೆಗೆ ಮೇಲಿನಿಂದ ದೊಡ್ಡ ಪಾದ ಬಂದು ತುಳಿಯುತ್ತದೆ. ‘ದಿ ಗೋಲ್ಡನ್ ಗರ್ಲ್ಸ್’ (1985) ಹಾಡು ಆ್ಯಂಡ್ರೂ ಗೋಲ್ಡ್ ಅವರ 1978ರ ಹಾಡು, ಶೋಗಾಗಿ ಸಿಂಥಿಯಾ ಫೀ ಮತ್ತೆ ಹಾಡಿದರು. ‘ಕರ್ಬ್ ಯುವರ್ ಎಂಥೂಸಿಯಾಸಂ’ (2000) ಟ್ಯೂನ್ 1974ರ ಇಟಾಲಿಯನ್ ಸಿನಿಮಾಕ್ಕೆ ಲುಚಿಯಾನೊ ಮಿಕೆಲಿನಿ ಮಾಡಿದ್ದು. ಶೋ ಸೃಷ್ಟಿಸಿದ ಲ್ಯಾರಿ ಡೇವಿಡ್ ಅದನ್ನು ಒಂದು ಬ್ಯಾಂಕಿನ ಜಾಹೀರಾತಿನಲ್ಲಿ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಈಗ ಇಂಟರ್ನೆಟ್‌ನಲ್ಲಿ ಯಾರಾದರೂ ಪೇಚಿಗೆ ಸಿಕ್ಕ ವಿಡಿಯೊ ಇದ್ದರೆ ಆ ಟ್ಯೂನ್ ಹಿಂದೆ ಇರುತ್ತದೆ.

ನನಗೆ ಹೆಚ್ಚು ಹತ್ತಿರವಾದದ್ದು ‘ಟ್ಯಾಕ್ಸಿ’ (1978). ಬಾಬ್ ಜೇಮ್ಸ್ ಟೈಟಲ್‌ಗಾಗಿ ಬೇರೊಂದು ಚುರುಕು ಟ್ಯೂನ್ ಮಾಡಿದ್ದರು. ಒಂದು ಕಂತಿನಲ್ಲಿ ಆ್ಯಂಜೆಲಾ ಎಂಬ ಒಂಟಿ ಹೆಣ್ಣಿನ ಪಾತ್ರ ಬರುತ್ತದೆ, ಅವಳಿಗಾಗಿ ಮೆಲುವಾದ ಇನ್ನೊಂದು ಟ್ಯೂನ್ ಮಾಡಿದರು. ನಿರ್ಮಾಪಕರು ಅದನ್ನು ಕೇಳಿದ್ದೇ ತಡ, ಇದೇ ಟೈಟಲ್ ಆಗಲಿ ಅಂದರು. ಸೇತುವೆಯ ಮೇಲೆ ಒಂದು ಟ್ಯಾಕ್ಸಿ ಹೋಗುತ್ತಾ ಇರುತ್ತದೆ. ಕನಸು ಬೇರೆ ಇದ್ದು ಕೆಲಸ ಬೇರೆ ಮಾಡುತ್ತಿರುವವರ ಶೋ ಅದು. ಅದಕ್ಕೆ ಚುರುಕು ಟ್ಯೂನ್ ಹೊಂದುತ್ತಲೇ ಇರಲಿಲ್ಲ.

ಹಾಡಿನಿಂದಲೇ ಶೋ ಹೆಸರು ಬದಲಾದದ್ದು ಇದೆಯಾ?

ಇದೆ. 1975ರ ಶೋಗೆ ಮೊದಲು ‘ಕಾಟರ್’ ಅಂತಷ್ಟೇ ಹೆಸರಿಡುವುದಿತ್ತು. ಜಾನ್ ಸೆಬಾಸ್ಟಿಯನ್ ಹಾಡು ಬರೆದು ತಂದರು. ಹಳೆಯ ಶಾಲೆಗೇ ಮೇಷ್ಟ್ರಾಗಿ ಬಂದವನನ್ನು ಬರಮಾಡಿಕೊಳ್ಳುವ ಹಾಡು. ಅದನ್ನು ಕೇಳಿ ಶೋ ಹೆಸರನ್ನೇ ‘ವೆಲ್ಕಮ್ ಬ್ಯಾಕ್, ಕಾಟರ್’ ಮಾಡಿದರು. 1976ರಲ್ಲಿ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

‘ದಿ ಬಿಗ್ ಬ್ಯಾಂಗ್ ಥಿಯರಿ’ ಹಾಡಿನಲ್ಲಿ ಅಷ್ಟೊಂದು ವಿಜ್ಞಾನ ಹೇಗೆ ಬಂತು?

ಬೇರ್‌ನೇಕೆಡ್ ಲೇಡೀಸ್ ತಂಡದ ಎಡ್ ರಾಬರ್ಟ್‌ಸನ್ ವಿಶ್ವದ ಹುಟ್ಟಿನ ಬಗ್ಗೆ ಸೈಮನ್ ಸಿಂಗ್ ಬರೆದ ಪುಸ್ತಕ ಓದಿದ್ದರು. ಒಂದು ಕಾರ್ಯಕ್ರಮದಲ್ಲಿ ಅದನ್ನೇ ವೇದಿಕೆಯ ಮೇಲೆ ನಿಂತ ನಿಲುವಿನಲ್ಲೇ ರ‍್ಯಾಪ್ ಮಾಡಿ ಹಾಡಿದರು. ಶೋ ಸೃಷ್ಟಿಸಿದ ಚಕ್ ಲಾರಿ, ಬಿಲ್ ಪ್ರ್ಯಾಡಿ ಅಂದು ಪ್ರೇಕ್ಷಕರಾಗಿದ್ದರು. ಮುಂದಿನದು 2007ರಿಂದ ಎಲ್ಲರೂ ಕೇಳಿದ್ದೇ.

ಇಂಥ ಟ್ಯೂನ್‌ಗಳು ತಲೆಯಿಂದ ಯಾಕೆ ಹೋಗುವುದಿಲ್ಲ?

ಮೊದಲ ಕಾರಣ ಸುಲಭ. ವಾರ ವಾರ ಕೇಳುತ್ತೇವೆ, ಅದೂ ಖುಷಿಯಲ್ಲಿ ಇರುವಾಗ. ಇನ್ನೊಂದು ಕಾರಣ ಟ್ಯೂನ್‌ನಲ್ಲೇ ಇದೆ. ತಲೆಯಲ್ಲಿ ಸುತ್ತುವ ಹಾಡುಗಳ ಬಗ್ಗೆ ಡರ್ಹಮ್ ವಿಶ್ವವಿದ್ಯಾಲಯದ ಕೆಲ್ಲಿ ಜಕುಬೊವ್‌ಸ್ಕಿ ಮತ್ತು ಜೊತೆಗಾರರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಂಥ ಹಾಡುಗಳಲ್ಲಿ ವೇಗ ಸ್ವಲ್ಪ ಜಾಸ್ತಿ, ಏರಿಳಿತ ಎಲ್ಲರಿಗೂ ಪರಿಚಿತ, ಆದರೆ ಎಲ್ಲೋ ಒಂದು ಕಡೆ ನಿರೀಕ್ಷೆ ಮೀರಿದ ಜಿಗಿತ ಇರುತ್ತದೆ. ಅವರು ನೋಡಿದ್ದು ಜನಪ್ರಿಯ ಹಾಡುಗಳನ್ನು. ಆದರೂ ಸಿಂಪ್ಸನ್ಸ್‌ನ ಆ ಪ್ರತಿಮಧ್ಯಮವನ್ನು ನೆನೆದರೆ ಇಲ್ಲಿಗೂ ಸರಿಹೊಂದುತ್ತದೆ ಅನಿಸುತ್ತದೆ.

ಈಗಿನ ಶೋಗಳಲ್ಲಿ ಹಾಡು ಯಾಕೆ ಇಷ್ಟು ಚಿಕ್ಕದು?

ಸಮಯ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಸುಮಾರು 22 ನಿಮಿಷ. ಅದರಲ್ಲಿ ಒಂದು ನಿಮಿಷ ಹಾಡಿಗೆ ಕೊಡುವುದು ದುಬಾರಿ. ಹಾಡು ಬಂದಾಗ ಜನ ಚಾನೆಲ್ ಬದಲಿಸುತ್ತಾರೆ ಎಂಬ ಭಯವೂ ವಾಹಿನಿಗಳಿಗಿತ್ತು. ಫ್ರೇಸಿಯರ್‌ನಲ್ಲಿ ಶುರುವಿಗೆ ಕೆಲವೇ ಸೆಕೆಂಡಿನ ಸಂಗೀತ ಇಟ್ಟು ಹಾಡನ್ನು ಕೊನೆಗೆ ತಳ್ಳಿದ್ದು 1993ರಲ್ಲೇ. 2017ರಲ್ಲಿ ನೆಟ್‌ಫ್ಲಿಕ್ಸ್ ಟೈಟಲ್ ಹಾರಿಸುವ ಬಟನ್ ತಂದಿತು.

ಒಂದೇ ದಿನ ಎಂಟು ಕಂತು ನೋಡುವವರಿಗೆ ಎಂಟು ಸಲ ಅದೇ ಹಾಡು ಬೇಡ ಅನಿಸುವುದು ಸಹಜ. ನಾನು ಮೊದಲನೆಯ ಸಲ ಪೂರ್ತಿ ಕೇಳುತ್ತೇನೆ. ನೀವೂ ಅಷ್ಟು ಮಾಡಿ.

ನಿಮಗೆ ತುಂಬಾ ಇಷ್ಟವಾದದ್ದು ಯಾವುದು?

1970ರ ‘ದಿ ಮೇರಿ ಟೈಲರ್ ಮೂರ್ ಶೋ’. ಮೂವತ್ತು ವಯಸ್ಸಿನ ಹೆಣ್ಣುಮಗಳು ಒಬ್ಬಳೇ ಹೊಸ ಊರಿಗೆ, ಮಿನಿಯಾಪೊಲಿಸ್‌ಗೆ ಬರುತ್ತಾಳೆ. ಕೆಲಸ ಹುಡುಕಬೇಕು, ಬದುಕು ಕಟ್ಟಿಕೊಳ್ಳಬೇಕು. ಹಾಡು ಬರೆದು ಹಾಡಿದವರು ಸಾನಿ ಕರ್ಟಿಸ್. ಮೊದಲ ಸೀಸನ್‌ನಲ್ಲಿ ಹಾಡು ಅಳುಕಿನಿಂದ ಶುರುವಾಗುತ್ತಿತ್ತು. ಒಬ್ಬಳೇ ಹೇಗೆ ನಿಭಾಯಿಸುತ್ತೀ ಅಂತ ಕೇಳುತ್ತಿತ್ತು. ಕೊನೆಯ ಸಾಲೂ ಅರೆಮನಸ್ಸಿನದು, ನಿಭಾಯಿಸಿದರೂ ನಿಭಾಯಿಸಬಹುದು ಅನ್ನುವ ಹಾಗೆ. ಅಷ್ಟರಲ್ಲಿ ಮೇರಿ ಕೆಲಸದಲ್ಲಿ ನೆಲೆ ನಿಂತಳು, ಗೆಳೆಯರು ಸಿಕ್ಕರು. ಎರಡನೆಯ ಸೀಸನ್‌ಗೆ ಕರ್ಟಿಸ್ ಸಾಹಿತ್ಯ ಬದಲಿಸಿದರು. ಈಗ ಹಾಡು ಅವಳ ನಗುವನ್ನು ಹೊಗಳುತ್ತಾ ಶುರುವಾಗುತ್ತದೆ. ಕೊನೆಯ ಸಾಲಿನಲ್ಲಿ ಅನುಮಾನ ಇಲ್ಲ, ನಿಭಾಯಿಸಿಯೇ ತೀರುತ್ತೀ ಅನ್ನುತ್ತದೆ. ಪಾತ್ರ ಬೆಳೆದ ಹಾಗೆ ಅವಳ ಹಾಡೂ ಬೆಳೆಯಿತು.

ಎರಡನ್ನೂ ಹುಡುಕಿ, ಒಂದರ ಪಕ್ಕ ಒಂದು ಕೇಳಿ. ಕೊನೆಯ ದೃಶ್ಯ ಎರಡರಲ್ಲೂ ಅದೇ. ಚಳಿಗಾಲದ ಬೀದಿ, ಓಡಾಡುವ ಜನ, ನಡುವೆ ನಿಂತ ಮೇರಿ ಟೋಪಿಯನ್ನು ಮೇಲಕ್ಕೆ ಎಸೆಯುತ್ತಾಳೆ. ಹಿಂದೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಹಿರಿಯ ಮಹಿಳೆಯೊಬ್ಬರು ಇದೇನಪ್ಪಾ ಅಂತ ತಿರುಗಿ ನೋಡುತ್ತಾರೆ. ಅವರು ನಟಿಯಲ್ಲ, ಆ ದಾರಿಯಲ್ಲಿ ಹೋಗುತ್ತಿದ್ದವರು. ಹಾಡು ಮುಗಿಯುತ್ತದೆ, ಚಿತ್ರ ಹಾಗೇ ನಿಲ್ಲುತ್ತದೆ, ಟೋಪಿ ಇನ್ನೂ ಗಾಳಿಯಲ್ಲೇ ಇರುತ್ತದೆ.